ಕಿಲೋದಲ್ಲಿ ಕೊಂಡು, ಮೀಟರ್‌ನಲ್ಲಿ ಓಡಿಸಿ, ಪೌಚ್‌ನಲ್ಲಿ ಮಾರುವ ಲೆಕ್ಕ: ಪ್ಯಾಕೇಜಿಂಗ್ ಫಿಲ್ಮ್‌ನ ಮೆಟೀರಿಯಲ್ ಲೆಕ್ಕಾಚಾರ

ಫ್ಲೆಕ್ಸಿಬಲ್ ಪ್ಯಾಕೇಜಿಂಗ್ ಯೂನಿಟ್‌ಗೆ ಫಿಲ್ಮ್ ಬರುವುದು ಕಿಲೋ ಲೆಕ್ಕದಲ್ಲಿ, ಮೆಷಿನ್ ಮೇಲೆ ಓಡುವುದು ಮೀಟರ್ ಲೆಕ್ಕದಲ್ಲಿ, ಗಿರಾಕಿಗೆ ಹೋಗುವುದು ಪೌಚ್ ಲೆಕ್ಕದಲ್ಲಿ. ಇವುಗಳ ನಡುವೆ ಎಲ್ಲಾದರೂ ಅಂದಾಜಿನ ಮೇಲೆ ನಡೆದರೆ ಒಂದೋ ಜಾಬ್ ಅರ್ಧಕ್ಕೆ ನಿಲ್ಲುತ್ತದೆ, ಇಲ್ಲವೇ ಇನ್ಯಾವ ಕೆಲಸಕ್ಕೂ ಹೊಂದದ ಅಗಲದ ರೋಲ್‌ಗಳು ಸ್ಟೋರ್‌ನಲ್ಲಿ ಉಳಿದುಬಿಡುತ್ತವೆ. ಕಿಲೋ, ಮೀಟರ್, ಪೌಚ್ ಮೂರನ್ನೂ ಜೋಡಿಸುವುದು ಒಂದೇ ಅಂಕಿ: ಜಿಎಸ್‌ಎಂ, ಅಂದರೆ ಒಂದು ಚದರ ಮೀಟರ್ ಫಿಲ್ಮ್‌ನ ತೂಕ ಗ್ರಾಂನಲ್ಲಿ.

ಇಲ್ಲಿ ಒಂದೇ ಜಾಬ್ ಹಿಡಿದು ಕೊನೆಯವರೆಗೂ ಲೆಕ್ಕ ಮಾಡೋಣ. 100 ಗ್ರಾಂ ಫಿಲ್ಟರ್ ಕಾಫಿ ಪುಡಿಯ ಪೌಚ್, 1 ಲಕ್ಷ ಪೀಸ್. ರಚನೆ: ಹೊರಗೆ 12 ಮೈಕ್ರಾನ್ ಪೆಟ್ (ಅಂಗಡಿ ಮಾತಿನಲ್ಲಿ ಪಾಲಿಯೆಸ್ಟರ್), ನಡುವೆ 12 ಮೈಕ್ರಾನ್ ಮೆಟಲೈಸ್ಡ್ ಪೆಟ್ (ತೆಳು ಅಲ್ಯೂಮಿನಿಯಂ ಲೇಪದ ಪೆಟ್, ಚಿಕ್ಕದಾಗಿ ಮೆಟ್ ಪೆಟ್), ಒಳಗೆ 60 ಮೈಕ್ರಾನ್ ಪಾಲಿ (ಪಾಲಿಥೀನ್). ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ. ಕಾಫಿ ಪುಡಿಗೆ ಆಮ್ಲಜನಕವೂ ತೇವವೂ ಶತ್ರುಗಳು, ಅದಕ್ಕೇ ನಡುವಿನ ಮೆಟ್ ಪೆಟ್. ಪಾಲಿ ಇರುವುದು ಸೀಲ್ ಆಗಲಿಕ್ಕೆ.

ಮೊದಲು ಸಾಂದ್ರತೆ, ಆಮೇಲೆ ಜಿಎಸ್‌ಎಂ

ಸೂತ್ರ ಸರಳ: ಮೈಕ್ರಾನ್ × ಸಾಂದ್ರತೆ = ಜಿಎಸ್‌ಎಂ. 1 ಮೈಕ್ರಾನ್ ದಪ್ಪದ 1 ಚದರ ಮೀಟರ್ ಹಾಳೆಯ ಗಾತ್ರ ಸರಿಯಾಗಿ 1 ಘನ ಸೆಂಟಿಮೀಟರ್ ಆಗುವುದರಿಂದ ಇಲ್ಲಿ ಬೇರೆ ಯಾವ ಗುಣಕವೂ ಬೇಕಿಲ್ಲ. ತಿರುಗಿಸಿ ಹೇಳಿದರೆ, 1000 ÷ ಜಿಎಸ್‌ಎಂ ಅಂದರೆ ಒಂದು ಕಿಲೋಗೆ ಎಷ್ಟು ಚದರ ಮೀಟರ್ ಸಿಗುತ್ತದೆ ಎಂಬುದು, ಅಂದರೆ ಯೀಲ್ಡ್.

ದಿನಬಳಕೆಯ ಸಾಂದ್ರತೆಗಳು, ಘನ ಸೆಂಟಿಮೀಟರಿಗೆ ಗ್ರಾಂನಲ್ಲಿ:

ಎಲ್‌ಡಿ ಮತ್ತು ಎಲ್‌ಎಲ್‌ಡಿ (ಕಡಿಮೆ ಸಾಂದ್ರತೆಯ) ಪಾಲಿ – 0.92
ಎಚ್‌ಡಿ (ಹೆಚ್ಚು ಸಾಂದ್ರತೆಯ) ಪಾಲಿ – 0.95
ಬಿಒಪಿಪಿ (ಉದ್ದ, ಅಗಲ ಎರಡೂ ದಿಕ್ಕಿಗೆ ಎಳೆದ ಪಾಲಿಪ್ರೊಪಿಲೀನ್, ಅಂದರೆ ಪಿಪಿ) – 0.905
ಸಿಪಿಪಿ (ಹಾಗೆ ಎಳೆಯದ ಪಿಪಿ) – 0.90
ಪರ್ಲ್ ಬಿಒಪಿಪಿ – ಸುಮಾರು 0.70
ಪೆಟ್ – 1.40
ನೈಲಾನ್ – 1.15
ಅಲ್ಯೂಮಿನಿಯಂ ಫಾಯಿಲ್ – 2.71

ಮೆಟಲೈಸ್ಡ್ ಫಿಲ್ಮ್‌ಗೆ ಬೇರೆ ಸಾಂದ್ರತೆ ಬೇಡ. ಅದರ ಮೇಲಿನ ಅಲ್ಯೂಮಿನಿಯಂ ಪದರದ ದಪ್ಪ ಒಂದು ಮೈಕ್ರಾನಿನ ಇಪ್ಪತ್ತನೇ ಒಂದು ಭಾಗದಷ್ಟೂ ಇರುವುದಿಲ್ಲ, ತೂಕ ಸುಮಾರು 0.1 ಜಿಎಸ್‌ಎಂ. ಮೆಟ್ ಪೆಟ್ ಅನ್ನು ಪೆಟ್ ಎಂದೇ ಲೆಕ್ಕ ಹಾಕಿ.

ಪಟ್ಟಿಯಲ್ಲಿ ಎಚ್ಚರ ಬೇಕಾದವು ಎರಡು. ಒಂದು, ಪರ್ಲ್ ಬಿಒಪಿಪಿ. ಅದರೊಳಗೆ ಸಣ್ಣ ಸಣ್ಣ ಗಾಳಿಗುಳ್ಳೆಗಳಿರುತ್ತವೆ, ಹಾಗಾಗಿ ಹಗುರ. 35 ಮೈಕ್ರಾನ್ ಪರ್ಲ್ ಫಿಲ್ಮ್ 24.5 ಜಿಎಸ್‌ಎಂ ಬರುತ್ತದೆ. ಅದಕ್ಕೆ ಸಾದಾ ಬಿಒಪಿಪಿಯ 0.905 ಹಾಕಿದರೆ 31.7 ಆಗಿ, ಬೇಕಾದದ್ದಕ್ಕಿಂತ ಶೇ. 29ರಷ್ಟು ಹೆಚ್ಚು ಮಾಲು ತರಿಸಿಬಿಡುತ್ತೀರಿ. ಇನ್ನೊಂದು, ಮಿಲ್ಕಿ ವೈಟ್ ಪಾಲಿ. ಬಿಳಿ ಬಣ್ಣ ಕೊಡುವ ಟೈಟಾನಿಯಂ ಡೈಆಕ್ಸೈಡ್‌ನ ಸಾಂದ್ರತೆ 4ಕ್ಕೂ ಮೇಲೆ. ಫಿಲ್ಮ್‌ನ ತೂಕದಲ್ಲಿ ಅದು ಶೇ. 5 ಇದ್ದರೆ ಫಿಲ್ಮ್‌ನ ಸಾಂದ್ರತೆ 0.92ರಿಂದ 0.957ಕ್ಕೆ ಏರುತ್ತದೆ. 60 ಮೈಕ್ರಾನ್ ಫಿಲ್ಮ್ 55.2ರ ಬದಲು 57.4 ಜಿಎಸ್‌ಎಂ ತೂಗುತ್ತದೆ. ನ್ಯಾಚುರಲ್ ಫಿಲ್ಮ್‌ನ ಲೆಕ್ಕದಲ್ಲಿ ಮಿಲ್ಕಿ ತರಿಸಿದವರಿಗೆ ಪ್ರತಿ ಜಾಬ್‌ನಲ್ಲೂ ಶೇ. 4ರಷ್ಟು ಮೀಟರ್ ಕಡಿಮೆ ಬೀಳುವುದು ಇದರಿಂದಲೇ. ಸಪ್ಲೈಯರ್ ಮೋಸ ಮಾಡಿದ ಎಂದು ಜಗಳಕ್ಕೆ ಹೋಗುವ ಮುನ್ನ ಇದನ್ನು ನೋಡಿಕೊಳ್ಳಿ.

ಗೇಜ್, ಇಂಚು ಮತ್ತು 3,300

ಪಾಲಿ ಕವರ್ ವ್ಯಾಪಾರದಲ್ಲಿ ಈಗಲೂ ಗೇಜ್ ಮಾತೇ ನಡೆಯುತ್ತದೆ. 100 ಗೇಜ್ ಅಂದರೆ 25.4 ಮೈಕ್ರಾನ್. ಬಾಯಿಲೆಕ್ಕಕ್ಕೆ ನಾಲ್ಕರಿಂದ ಭಾಗಿಸಿದರೆ ಸಾಕು: 200 ಗೇಜ್ 50 ಮೈಕ್ರಾನ್, 300 ಗೇಜ್ 75. ಕ್ಯಾರಿ ಬ್ಯಾಗ್‌ಗೆ 2022ರ ಡಿಸೆಂಬರ್ 31ರಿಂದ ಕಡ್ಡಾಯವಾಗಿರುವ 120 ಮೈಕ್ರಾನ್ ಅಂದರೆ 472 ಗೇಜ್. ಇಲ್ಲಿ ಮಾತ್ರ 'ನಾಲ್ಕರ ಲೆಕ್ಕ' ಹಿಡಿದು 480 ಅನ್ನುವುದು ಒಳ್ಳೆಯದೇ, ದಪ್ಪ ಕಡಿಮೆ ಬರುವ ಭಯವಿಲ್ಲ.

ಮಾರುಕಟ್ಟೆಯಲ್ಲಿ ಓಡಾಡುವ ಇನ್ನೊಂದು ಸೂತ್ರ: ಉದ್ದ ಇಂಚು × ಅಗಲ ಇಂಚು × ಗೇಜ್ ÷ 3,300 = ಒಂದು ಕವರ್‌ನ ತೂಕ, ಗ್ರಾಂನಲ್ಲಿ. 10 × 12 ಇಂಚಿನ 200 ಗೇಜ್ ಕವರ್ 7.27 ಗ್ರಾಂ, ಕಿಲೋಗೆ 137 ಕವರ್. ಈ 3,300 ಎಲ್ಲಿಂದ ಬಂತು ಎಂದು ತಿಳಿದಿದ್ದರೆ ಎಡವುವುದಿಲ್ಲ. ಒಂದು ಚದರ ಇಂಚು 0.00064516 ಚದರ ಮೀಟರ್, ಕವರ್‌ಗೆ ಎರಡು ಪದರ, ಒಂದು ಗೇಜ್ 0.254 ಮೈಕ್ರಾನ್, ಪಾಲಿಯ ಸಾಂದ್ರತೆ 0.92. ಎಲ್ಲವನ್ನೂ ಗುಣಿಸಿ, 1ನ್ನು ಆ ಗುಣಲಬ್ಧದಿಂದ ಭಾಗಿಸಿದರೆ 3,316 ಬರುತ್ತದೆ. ಅಂದರೆ ಈ ಸೂತ್ರ ಎಲ್‌ಡಿ ಪಾಲಿಗೆ ಮಾತ್ರ. ಎಚ್‌ಡಿಗೆ 3,200, ಪಿಪಿಗೆ 3,400 ಇಟ್ಟುಕೊಳ್ಳಿ. ಗೇಜ್ ಒಂದು ಪದರದ್ದೋ ಎರಡೂ ಪದರ ಸೇರಿಸಿ ಹೇಳಿದ್ದೋ ಎಂದು ಆರ್ಡರ್ ಬರೆದುಕೊಳ್ಳುವಾಗಲೇ ಕೇಳಿ. ಅಲ್ಲಿ ತಪ್ಪಿದರೆ ತೂಕ ಇಮ್ಮಡಿಯಾಗುತ್ತದೆ ಇಲ್ಲವೇ ಅರ್ಧವಾಗುತ್ತದೆ.

ಲ್ಯಾಮಿನೇಟ್‌ಗೆ, ಅಂದರೆ ಹಲವು ಫಿಲ್ಮ್‌ಗಳನ್ನು ಒಂದಕ್ಕೊಂದು ಅಂಟಿಸಿದ ಹಾಳೆಗೆ, ಈ ಸೂತ್ರ ಬಳಸಲೇಬೇಡಿ. ನಮ್ಮ ಕಾಫಿ ಪೌಚ್‌ನ ಮೂರು ಫಿಲ್ಮ್ ಸೇರಿ 84 ಮೈಕ್ರಾನ್. ಅದನ್ನು 0.92ರಿಂದ ಗುಣಿಸಿದರೆ 77.3 ಜಿಎಸ್‌ಎಂ ಬರುತ್ತದೆ. ನಿಜವಾದ ತೂಕ ಅದಕ್ಕಿಂತ ಎಷ್ಟೋ ಹೆಚ್ಚು. ಪದರ ಪದರವಾಗಿ ಬರೆಯಿರಿ:

ಪೆಟ್ 12 × 1.40 = 16.8
ಇಂಕ್, ಒಣಗಿದ ಮೇಲೆ = 1.5
ಅಂಟು, ಮೊದಲ ಪಾಸ್ = 2.0
ಮೆಟ್ ಪೆಟ್ 12 × 1.40 = 16.8
ಅಂಟು, ಎರಡನೇ ಪಾಸ್ = 2.0
ಪಾಲಿ 60 × 0.92 = 55.2
ಒಟ್ಟು 94.3 ಜಿಎಸ್‌ಎಂ

77.3 ಎಂದು ಹಿಡಿದು ರೇಟ್ ಕೊಟ್ಟವರು ಮಾಲಿನ ಖರ್ಚಿನಲ್ಲಿ ಶೇ. 18ರಷ್ಟನ್ನು ಬಿಟ್ಟೇ ಕೊಟ್ಟಂತಾಯಿತು.

ಪೌಚ್ ಅಳತೆಯಿಂದ ರೋಲ್ ಅಗಲಕ್ಕೆ

ಪೌಚ್ 120 ಮಿ.ಮೀ. ಅಗಲ, 190 ಮಿ.ಮೀ. ಉದ್ದ, ಹಿಂಬದಿಯಲ್ಲಿ ನಡುವೆ ಸೀಲ್. ಹೊರಗಿನ ಪೆಟ್ ಶಾಖಕ್ಕೆ ಅಂಟಿಕೊಳ್ಳುವುದಿಲ್ಲ. ಹಾಗಾಗಿ ಒಂದು ಅಂಚಿನ ಮೇಲೆ ಇನ್ನೊಂದನ್ನು ಕೂರಿಸುವ ಲ್ಯಾಪ್ ಸೀಲ್ ಇಲ್ಲಿ ನಡೆಯದು. ಒಳಬದಿಗೆ ಒಳಬದಿ ಸೇರಿಸುವ ಫಿನ್ ಸೀಲ್ ಆಗಬೇಕು, ಅದಕ್ಕೆ ಎರಡೂ ಅಂಚಿನಲ್ಲಿ 10 ಮಿ.ಮೀ. ಬೇಕು. ಫಿಲ್ಮ್ ಅಗಲ = 120 × 2 + 10 × 2 = 260 ಮಿ.ಮೀ.

ಒಂದು ಪೌಚ್‌ನ ವಿಸ್ತೀರ್ಣ 0.260 × 0.190 = 0.0494 ಚದರ ಮೀಟರ್. ತೂಕ 0.0494 × 94.3 = 4.658 ಗ್ರಾಂ. ಕಿಲೋಗೆ 214 ಪೌಚ್. 1 ಲಕ್ಷಕ್ಕೆ 465.8 ಕಿಲೋ. ಈ 465.8 ಗಿರಾಕಿಯ ಕೈಗೆ ಸೇರುವ ತೂಕ. ಖರೀದಿಯ ತೂಕ ಇದಲ್ಲ.

ಗಿರಾಕಿಯ ಪ್ಯಾಕಿಂಗ್ ಮೆಷಿನ್‌ನ ಫಾರ್ಮಿಂಗ್ ಕಾಲರ್ (ಫಿಲ್ಮನ್ನು ಕೊಳವೆಯಾಗಿ ಮಡಚುವ ಭಾಗ) ಅಳತೆಯನ್ನು ಬರಹದಲ್ಲಿ ತರಿಸಿಕೊಳ್ಳಿ. ಅಗಲದಲ್ಲಿ 3 ಮಿ.ಮೀ. ಕಡಿಮೆಯಾದರೂ ಫಿನ್ ಸೀಲ್ ತೆಳ್ಳಗಾಗಿ, ಪುಡಿಯ ಧೂಳು ಬಿದ್ದ ಕಡೆಯೆಲ್ಲ ಸೋರುತ್ತದೆ. ಪ್ರಿಂಟಿಂಗ್ ಸಿಲಿಂಡರ್ ಕೆತ್ತಿಸಿದ ಮೇಲೆ ತಿದ್ದಲು ದಾರಿಯಿಲ್ಲ.

ಪ್ರಿಂಟಿಂಗ್‌ನಲ್ಲಿ ಅಡ್ಡಕ್ಕೆ 4 ಅಪ್ಸ್, ಅಂದರೆ ಪಕ್ಕಪಕ್ಕದಲ್ಲಿ 4 ಪೌಚ್, ಕೂರಿಸೋಣ: 260 × 4 = 1,040, ಎರಡೂ ಬದಿ 10 ಮಿ.ಮೀ. ಟ್ರಿಮ್ (ಕೊನೆಗೆ ಕತ್ತರಿಸಿ ತೆಗೆಯುವ ಅಂಚು) ಸೇರಿ 1,060 ಮಿ.ಮೀ. ಸಿಲಿಂಡರ್ ಸುತ್ತಳತೆ 190 × 3 = 570 ಮಿ.ಮೀ. ಟ್ರಿಮ್ ಉಳಿಸಲು 5 ಮಿ.ಮೀ.ಗೆ ಇಳಿಸುವ ಆಸೆ ಎಲ್ಲರಿಗೂ ಬರುತ್ತದೆ. ಲ್ಯಾಮಿನೇಶನ್‌ನಲ್ಲಿ ಎರಡು ಫಿಲ್ಮ್‌ಗಳ ಅಂಚು ಒಂದರ ಮೇಲೊಂದು ಕರಾರುವಾಕ್ಕಾಗಿ ಕೂರುವುದಿಲ್ಲ, ಅಂಟು ಕೂಡ ಅಂಚಿನವರೆಗೆ ಹೋಗುವುದಿಲ್ಲ. ಆ ಅಂಟಿಲ್ಲದ ಅಂಚೇನಾದರೂ ಪೌಚ್‌ನ ಸೀಲ್‌ಗೆ ಬಂದರೆ ಇಡೀ ಒಂದು ಅಪ್ ತಿಪ್ಪೆಗೆ. 10 ಮಿ.ಮೀ. ಬಿಡಿ.

ಮೀಟರ್ ಲೆಕ್ಕ: ಹಿಂದಿನಿಂದ ಮುಂದಕ್ಕೆ

ಹೆಚ್ಚು ನಷ್ಟ ಮಾಡುವ ತಪ್ಪು ಇಲ್ಲಿಯೇ ಆಗುವುದು, ಹಾಗಾಗಿ ನಿಧಾನವಾಗಿ ನೋಡೋಣ.

ನಿವ್ವಳ ಓಟ: 1,00,000 × 0.190 ÷ 4 = 4,750 ಮೀಟರ್. ಇದು ಸ್ಲಿಟಿಂಗ್‌ನಿಂದ ಒಳ್ಳೆಯ ಮಾಲಾಗಿ ಹೊರಬರಬೇಕಾದದ್ದು. ಕೆಲಸದ ಸರದಿ ಹೀಗೆ: ಪೆಟ್ ಮೇಲೆ ಪ್ರಿಂಟಿಂಗ್, ಮೊದಲ ಲ್ಯಾಮಿನೇಶನ್‌ನಲ್ಲಿ ಅದಕ್ಕೆ ಮೆಟ್ ಪೆಟ್, ಎರಡನೆಯದರಲ್ಲಿ ಪಾಲಿ, ಕೊನೆಗೆ ಸ್ಲಿಟಿಂಗ್, ಅಂದರೆ ಅಗಲದ ರೋಲನ್ನು 260 ಮಿ.ಮೀ. ರೋಲ್‌ಗಳಾಗಿ ಸೀಳುವುದು. ಇಲ್ಲಿಂದ ಒಂದೊಂದೇ ಹಂತ ಹಿಂದಕ್ಕೆ ನಡೆಯಬೇಕು. ಪ್ರತಿ ಹಂತದಲ್ಲೂ ಎರಡು ಬಗೆಯ ವೇಸ್ಟೇಜ್ ಇದೆ. ಓಡಿದಷ್ಟೂ ಹೋಗುವುದು ಶೇಕಡಾವಾರು. ಮೆಷಿನ್ ಸೆಟ್ ಮಾಡಲು ಹೋಗುವುದು ಜಾಬ್ ಚಿಕ್ಕದಿರಲಿ ದೊಡ್ಡದಿರಲಿ ಅಷ್ಟೇ ಮೀಟರ್. ಇವೆರಡನ್ನೂ ಬೇರೆ ಬೇರೆಯಾಗಿಯೇ ಇಡಿ.

ಕೆಳಗೆ ಬಳಸಿರುವ ಶೇಕಡಾ ಮತ್ತು ಸೆಟ್ಟಿಂಗ್ ಮೀಟರ್‌ಗಳು ಉದಾಹರಣೆಗೆ. ನಿಮ್ಮ ಮೆಷಿನ್‌ನ ಕಳೆದ ಹತ್ತಿಪ್ಪತ್ತು ಜಾಬ್‌ಗಳ ರಿಜಿಸ್ಟರ್‌ನಿಂದ ನಿಮ್ಮ ಅಂಕಿ ತೆಗೆಯಿರಿ.

ಸ್ಲಿಟಿಂಗ್, ಶೇ. 1: 4,750 ÷ 0.99 = 4,798 ಮೀಟರ್ ಒಳಗೆ ಹೋಗಬೇಕು.
ಎರಡನೇ ಲ್ಯಾಮಿನೇಶನ್, ಶೇ. 1.5 ಮತ್ತು ಸೆಟ್ಟಿಂಗ್ 100 ಮೀಟರ್: 4,798 ÷ 0.985 + 100 = 4,971.
ಮೊದಲ ಲ್ಯಾಮಿನೇಶನ್, ಅದೇ ಅಂಕಿ: 4,971 ÷ 0.985 + 100 = 5,147.
ಪ್ರಿಂಟಿಂಗ್, ಶೇ. 2 ಮತ್ತು ಸೆಟ್ಟಿಂಗ್ 400 ಮೀಟರ್: 5,147 ÷ 0.98 + 400 = 5,652.

ಶೇ. 2 ವೇಸ್ಟೇಜ್ ಎಂದರೆ 1.02ರಿಂದ ಗುಣಿಸುವುದಲ್ಲ, 0.98ರಿಂದ ಭಾಗಿಸುವುದು. ವೇಸ್ಟ್ ಆಗುವುದು ಒಳಗೆ ಹೋದ ಮಾಲಿನಲ್ಲಿ, ಹೊರಬಂದ ಮಾಲಿನಲ್ಲಲ್ಲ. ಶೇ. 2ಕ್ಕೆ ವ್ಯತ್ಯಾಸ ಕಾಣಿಸದು, ಶೇ. 10 ಇರುವ ಚಿಕ್ಕ ಜಾಬ್‌ಗಳಲ್ಲಿ ಎದ್ದು ಕಾಣುತ್ತದೆ.

ಇನ್ನು ಯಾವ ಫಿಲ್ಮ್ ಯಾವ ಹಂತದಲ್ಲಿ ಸೇರುತ್ತದೋ ಆ ಹಂತದ ಮೀಟರ್ ಹಿಡಿದು ತೂಕ ತೆಗೆಯಿರಿ:

ಪೆಟ್: 5,652 × 1.060 × 16.8 ÷ 1000 = 100.7 ಕಿಲೋ
ಮೆಟ್ ಪೆಟ್: 5,147 × 1.060 × 16.8 ÷ 1000 = 91.7 ಕಿಲೋ
ಪಾಲಿ: 4,971 × 1.060 × 55.2 ÷ 1000 = 290.9 ಕಿಲೋ

ಪೆಟ್ ಮತ್ತು ಮೆಟ್ ಪೆಟ್ ಎರಡೂ ಅದೇ ದಪ್ಪ, ಅದೇ ಅಗಲ. ಆದರೂ 9 ಕಿಲೋ ವ್ಯತ್ಯಾಸ. ಪ್ರಿಂಟಿಂಗ್‌ನಲ್ಲಿ ಹಾಳಾಗುವ ಮೀಟರ್‌ಗಳ ಹೊತ್ತಿಗೆ ಮೆಟ್ ಪೆಟ್ ಇನ್ನೂ ಜಾಬ್‌ಗೆ ಸೇರಿಯೇ ಇರುವುದಿಲ್ಲ.

ಇದನ್ನೇ ಅವಸರದ ದಾರಿಯಲ್ಲಿ ಮಾಡಿದರೆ ಏನಾಗುತ್ತದೆ ನೋಡಿ. 4,750 × 1.040 × 16.8, ಅಂದರೆ 83 ಕಿಲೋ, ಅದಕ್ಕೆ ಎಲ್ಲ ಹಂತದ ಶೇಕಡಾ ಕೂಡಿಸಿ ಶೇ. 6 ಸೇರಿಸಿದರೆ 88 ಕಿಲೋ ಪೆಟ್. ಬೇಕಿರುವುದು 100.7. ಟ್ರಿಮ್ ಮತ್ತು ಸೆಟ್ಟಿಂಗ್ ಮೀಟರ್ ಮರೆತಿದ್ದಕ್ಕೆ 12.7 ಕಿಲೋ ಕೊರತೆ. ಮೀಟರ್‌ಗೆ ತಿರುಗಿಸಿದರೆ 700 ಮೀಟರ್‌ಗೂ ಹೆಚ್ಚು. ಆ 700 ಮೀಟರ್‌ಗಾಗಿ ಮತ್ತೆ ಸಿಲಿಂಡರ್ ಏರಿಸಿದರೆ ಇನ್ನೊಮ್ಮೆ 400 ಮೀಟರ್ ಸೆಟ್ಟಿಂಗ್‌ಗೇ ಹೋಗುತ್ತದೆ, ಬಣ್ಣದ ಶೇಡ್ ಹಿಂದಿನದಕ್ಕೆ ಹೊಂದುತ್ತದೆ ಎಂಬ ಭರವಸೆಯೂ ಇಲ್ಲ.

ಸೆಟ್ಟಿಂಗ್ ವೇಸ್ಟ್ ತಗ್ಗಿಸಲು ಎಲ್ಲಕ್ಕಿಂತ ಅಗ್ಗದ ಉಪಾಯ: ಹಳೆಯ ರಿಜೆಕ್ಟ್ ಆದ ಪ್ರಿಂಟೆಡ್ ಪೆಟ್ ರೋಲ್‌ನ ಮೇಲೆ ಒರಟು ರಿಜಿಸ್ಟ್ರೇಶನ್ (ಬಣ್ಣಗಳನ್ನು ಒಂದರ ಮೇಲೊಂದು ಸರಿಯಾಗಿ ಕೂರಿಸುವುದು) ಮುಗಿಸಿ, ಬಣ್ಣ ನೋಡಲು ಮಾತ್ರ ಹೊಸ ಫಿಲ್ಮ್‌ಗೆ ಬರುವುದು. ಆದರೆ ಹಳೆಯದು ಅದೇ ದಪ್ಪದ, ಅದೇ ಜಾತಿಯ ಫಿಲ್ಮ್ ಆಗಿರಬೇಕು. ಪೆಟ್ ಜಾಬ್‌ಗೆ ಬಿಒಪಿಪಿ ಮೇಲೆ ಸೆಟ್ ಮಾಡಿದರೆ ಟೆನ್ಶನ್‌ನಲ್ಲಿ ಎರಡೂ ಬೇರೆ ಬೇರೆ ಹಿಗ್ಗುವುದರಿಂದ ರಿಜಿಸ್ಟ್ರೇಶನ್ ಮತ್ತೆ ಮೊದಲಿಂದ ಶುರು.

ಇಂಕ್ ಮತ್ತು ಅಂಟು

ಇಂಕ್: 5,652 × 1.040 × 1.5 ÷ 1000 = 8.8 ಕಿಲೋ. ಇದು ಒಣಗಿದ ತೂಕ. ಡಬ್ಬಿಯಲ್ಲಿ ಬರುವ ಇಂಕ್‌ನಲ್ಲಿ ಘನಪದಾರ್ಥ ಶೇ. 40 ಇದ್ದರೆ 8.8 ÷ 0.40 = 22 ಕಿಲೋ ಡಬ್ಬಿ ಇಂಕ್. ತೆಳುಮಾಡಲು ಹಾಕುವ ಸಾಲ್ವೆಂಟ್ ಬೇರೆ. ಘನಪದಾರ್ಥದ ಅಂಕಿ ಸಪ್ಲೈಯರ್‌ನ ಡೇಟಾ ಶೀಟ್‌ನಲ್ಲಿರುತ್ತದೆ, ಬಿಳಿ ಇಂಕ್‌ಗೂ ಬಣ್ಣದ ಇಂಕ್‌ಗೂ ಬೇರೆ ಬೇರೆ. ಹಿಂದೆ ಪೂರ್ತಿ ಬಿಳಿ ಹೊಡೆಯುವ ಡಿಸೈನ್ ಆದರೆ 1.5 ಸಾಲದು, 2.5ರ ಹತ್ತಿರ ಹಿಡಿಯಿರಿ. ಪ್ರತಿ ಬಣ್ಣದ ಟ್ರೇ ಮತ್ತು ಪಂಪ್‌ನಲ್ಲಿ ಜಾಬ್ ಮುಗಿದಾಗ ಉಳಿಯುವ ಇಂಕನ್ನು ತೂಗಿ, ಜಾಬ್ ಹೆಸರು ಬರೆದು ವಾಪಸ್ ಇಡಿ.

ಅಂಟು: ಸಾಲ್ವೆಂಟ್‌ಲೆಸ್ ಆದರೆ ಹಾಕಿದ್ದೆಲ್ಲ ಉಳಿಯುತ್ತದೆ, ಆವಿಯಾಗುವುದು ಏನೂ ಇಲ್ಲ. ಅಂಟಿನ ಅಗಲ ಎರಡೂ ಬದಿ 5 ಮಿ.ಮೀ. ಕಡಿಮೆ, 1,050. ಮೊದಲ ಪಾಸ್ 5,147 × 1.050 × 2 = 10.8 ಕಿಲೋ, ಎರಡನೆಯದು 10.4 ಕಿಲೋ, ಒಟ್ಟು 21.2. ಮಿಶ್ರಣ 100ಕ್ಕೆ 75 ಇದ್ದರೆ ಅಂಟು 12.1, ಹಾರ್ಡನರ್ 9.1 ಕಿಲೋ, ರೋಲರ್ ನಡುವೆ ಉಳಿದು ಹೋಗುವ ಒಂದೆರಡು ಕಿಲೋವನ್ನು ಮೇಲೆ ಸೇರಿಸಿ. ಸಾಲ್ವೆಂಟ್ ಅಂಟಾದರೆ ಲೆಕ್ಕ ಬೇರೆ: ಒಣ ತೂಕ 2.5 ಬೇಕು, ಓಡಿಸುವಾಗ ಘನಪದಾರ್ಥ ಶೇ. 35 ಎಂದರೆ 2.5 ÷ 0.35 = 7.1 ಜಿಎಸ್‌ಎಂ ಒದ್ದೆ ಅಂಟು ಹಾಕಬೇಕು.

ಮಿಶ್ರಣದ ಅನುಪಾತ ತೂಕದ್ದೋ ಅಳತೆಯದ್ದೋ ಎಂದು ಡಬ್ಬಿ ನೋಡಿ ಖಚಿತ ಮಾಡಿಕೊಳ್ಳಿ. ಎರಡು ದ್ರವಗಳ ಸಾಂದ್ರತೆ ಒಂದೇ ಅಲ್ಲ. ಹಾರ್ಡನರ್ ಕಡಿಮೆ ಬಿದ್ದ ಲ್ಯಾಮಿನೇಟ್ ಮೂರು ದಿನವಾದರೂ ಪದರ ಬಿಡಿಸಿದರೆ ಬೆರಳಿಗೆ ಅಂಟುತ್ತದೆ. ಅದನ್ನು ಸರಿಮಾಡುವ ಔಷಧ ಇಲ್ಲ, ಆ 290 ಕಿಲೋ ಪಾಲಿಯೂ ಜೊತೆಗೇ ಹೋಯಿತು.

ಒಟ್ಟು ಒಳಗೆ ಹೋದದ್ದು: 100.7 + 91.7 + 290.9 + 8.8 + 21.2 = 513.3 ಕಿಲೋ. ಹೊರಬಂದದ್ದು 465.8. ಇಳುವರಿ ಶೇ. 90.7. ರೇಟ್ ಕಟ್ಟುವಾಗ ಪ್ರತಿ ಪದರದ ಕಿಲೋವನ್ನು ಅದರದ್ದೇ ದರದಿಂದ ಗುಣಿಸಿ ಕೂಡಿಸಿ, ಆ ಮೊತ್ತವನ್ನು 465.8ರಿಂದ ಭಾಗಿಸಿ. 513.3ರಿಂದ ಭಾಗಿಸಿದರೆ ಕಸವನ್ನೂ ಗಿರಾಕಿಗೆ ಮಾರಿದಂತೆ ಲೆಕ್ಕ ಬರುತ್ತದೆ, ಕಸವನ್ನು ಯಾರೂ ಕೊಳ್ಳುವುದಿಲ್ಲ.

ಈ ಪದರವಾರು ತೂಕ ಇನ್ನೊಂದು ಕಡೆಗೂ ಬೇಕು. ಪ್ಲಾಸ್ಟಿಕ್ ತ್ಯಾಜ್ಯ ನಿರ್ವಹಣೆ ನಿಯಮಗಳಡಿ 2022ರಿಂದ ಜಾರಿಯಾದ ಉತ್ಪಾದಕರ ವಿಸ್ತೃತ ಹೊಣೆಗಾರಿಕೆಯಲ್ಲಿ ಬ್ರ್ಯಾಂಡ್ ಮಾಲೀಕರು ಮಾರುಕಟ್ಟೆಗೆ ಬಿಟ್ಟ ಪ್ಲಾಸ್ಟಿಕ್‌ನ ತೂಕ ಘೋಷಿಸಬೇಕು. ಪೌಚ್‌ಗೆ 4.66 ಗ್ರಾಂ ಎಂದು ಇನ್‌ವಾಯ್ಸ್ ಜೊತೆಗೆ ಬರೆದುಕೊಟ್ಟರೆ ಕಾಫಿ ಕಂಪನಿಯವರಿಗೆ ವರ್ಷದ ಕೊನೆಯಲ್ಲಿ ಹುಡುಕಾಟ ತಪ್ಪುತ್ತದೆ.

ಪಾಲಿ ನಿಮ್ಮಲ್ಲೇ ಊದುವುದಾದರೆ

ಬ್ಲೋನ್ ಫಿಲ್ಮ್ ಮೆಷಿನ್‌ನಲ್ಲಿ ಟ್ಯೂಬ್ ಊದಿ ಎರಡೂ ಅಂಚು ಕತ್ತರಿಸಿ ಎರಡು ಹಾಳೆಯಾಗಿ ಸುತ್ತಿಕೊಳ್ಳುತ್ತೇವೆ. 1,060 ಬೇಕಿದ್ದರೆ ಲೇಫ್ಲಾಟ್ (ಟ್ಯೂಬನ್ನು ಚಪ್ಪಟೆ ಮಾಡಿದಾಗಿನ ಅಗಲ) 1,080 ಇಡಿ. ಡೈ (ಕರಗಿದ ಪಾಲಿ ಹೊರಬರುವ ದುಂಡು ಬಾಯಿ) 250 ಮಿ.ಮೀ. ಆದರೆ ಬ್ಲೋ ಅಪ್ ಅನುಪಾತ, ಅಂದರೆ ಬಬಲ್‌ನ ವ್ಯಾಸ ÷ ಡೈನ ವ್ಯಾಸ = 2 × 1,080 ÷ (3.1416 × 250) = 2.75. ಎಲ್‌ಎಲ್‌ಡಿ ಹೆಚ್ಚಿರುವ ಮಿಶ್ರಣಕ್ಕೆ 2ರಿಂದ 3ರ ಒಳಗಿದ್ದರೆ ಬಬಲ್ ನಿಲ್ಲುತ್ತದೆ. ಅದಕ್ಕಿಂತ ಮೇಲೆ ಹೋದರೆ ಬಬಲ್ ತೂಗಾಡಿ ದಪ್ಪ ಏರುಪೇರಾಗುತ್ತದೆ.

ಟ್ಯೂಬ್‌ನ ಒಂದು ಮೀಟರ್ ತೂಕ 2 × 1.080 × 55.2 = 119.2 ಗ್ರಾಂ. ಎಕ್ಸ್‌ಟ್ರೂಡರ್ ಗಂಟೆಗೆ 100 ಕಿಲೋ ಕೊಟ್ಟರೆ ಗಂಟೆಗೆ 839 ಮೀಟರ್, ನಿಮಿಷಕ್ಕೆ 14. ಎರಡು ಹಾಳೆ ಬರುವುದರಿಂದ 4,971 ಮೀಟರ್‌ಗೆ ಟ್ಯೂಬ್ 2,486 ಮೀಟರ್ ಸಾಕು, ಸುಮಾರು ಮೂರು ಗಂಟೆ ಓಟ. ದಾಣೆ (ಪ್ಲಾಸ್ಟಿಕ್ ಹರಳು) 296 ಕಿಲೋ, ಜೊತೆಗೆ ಶುರುವಿನ ವೇಸ್ಟ್. ಮೆಷಿನ್ ಆಪರೇಟರ್‌ಗೆ ಮೈಕ್ರಾನ್ ಜೊತೆಗೆ 'ಒಂದು ಮೀಟರ್ ಟ್ಯೂಬ್ 119 ಗ್ರಾಂ ತೂಗಬೇಕು' ಎಂದೂ ಹೇಳಿ. ಕತ್ತರಿಸುವ ಮೊದಲು ಒಂದು ಮೀಟರ್ ತೆಗೆದು ತಕ್ಕಡಿಗೆ ಇಡುವುದು ಅರ್ಧ ನಿಮಿಷದ ಕೆಲಸ.

ಕೊರೋನಾ ಟ್ರೀಟ್‌ಮೆಂಟ್ (ಅಂಟು ಹಿಡಿಯಲೆಂದು ಫಿಲ್ಮ್‌ನ ಮೈಗೆ ವಿದ್ಯುತ್ ಹಾಯಿಸುವುದು) 38ರಿಂದ 40 ಡೈನ್ (ಆ ಹಿಡಿತದ ಅಳತೆ) ಇರಲಿ, ಅದು ಅಂಟು ಹಾಕುವ ಬದಿಗೆ ಇರಲಿ. ದಿನ ಕಳೆದಂತೆ ಡೈನ್ ಇಳಿಯುತ್ತದೆ, ಅದಕ್ಕೇ ಹೆಚ್ಚು ಊದಿ ತಿಂಗಳುಗಟ್ಟಲೆ ಇಡಬೇಡಿ.

ರೋಲ್ ನೋಡಿ ಮೀಟರ್ ಹೇಳುವುದು

ಗಿರಾಕಿ ರೋಲ್‌ನ ಹೊರ ವ್ಯಾಸ 400 ಮಿ.ಮೀ. ಮೀರಬಾರದು ಎಂದಿದ್ದಾರೆ ಅಂದುಕೊಳ್ಳಿ. 3 ಇಂಚಿನ ಕೋರ್ (ಫಿಲ್ಮ್ ಸುತ್ತುವ ಕೊಳವೆ), ಗೋಡೆ ದಪ್ಪ 8 ಮಿ.ಮೀ., ಹೊರ ವ್ಯಾಸ 92. ಲ್ಯಾಮಿನೇಟ್‌ನ ದಪ್ಪ ಇಂಕ್, ಅಂಟು ಸೇರಿ 89 ಮೈಕ್ರಾನ್, ಅಂದರೆ 0.089 ಮಿ.ಮೀ.

(400 × 400 − 92 × 92) × 0.7854 ÷ 0.089 ÷ 1000 = 1,337 ಮೀಟರ್.

ಪೌಚ್ 7,037. ರೋಲ್ ತೂಕ 1,337 × 0.260 × 94.3 ÷ 1000 = 32.8 ಕಿಲೋ, ಕೋರ್ ಬಿಟ್ಟು. 1 ಲಕ್ಷಕ್ಕೆ 15 ರೋಲ್, ಕೊನೆಯದು ಚಿಕ್ಕದು. ಸುತ್ತುವಾಗ ಪದರಗಳ ನಡುವೆ ಗಾಳಿ ಸಿಕ್ಕಿಕೊಳ್ಳುವುದರಿಂದ ನಿಜವಾದ ಉದ್ದ ಈ ಸೂತ್ರಕ್ಕಿಂತ ಸ್ವಲ್ಪ ಕಡಿಮೆಯೇ ಬರುತ್ತದೆ.

ಅರ್ಧ ಬಳಸಿದ ರೋಲ್‌ಗೆ ವ್ಯಾಸಕ್ಕಿಂತ ತೂಕ ನಂಬಿ: ನಿವ್ವಳ ಕಿಲೋ × 1000 ÷ (ಅಗಲ ಮೀಟರ್ × ಜಿಎಸ್‌ಎಂ). ಇದಕ್ಕೆ ಕೋರ್‌ನ ತೂಕ ಗೊತ್ತಿರಬೇಕು. ಪ್ರತಿ ಅಗಲದ ಖಾಲಿ ಕೋರ್ ಒಂದನ್ನು ತೂಗಿ ಸ್ಟೋರ್‌ನ ಗೋಡೆಗೆ ಪಟ್ಟಿ ಅಂಟಿಸಿಬಿಡಿ.

ಲೇಬಲ್ ಓದಿ, ಆದರೆ ತೂಗಿ ನೋಡಿ

ಇಷ್ಟೆಲ್ಲ ಲೆಕ್ಕ ನಿಂತಿರುವುದು ಫಿಲ್ಮ್ ಹೇಳಿದ ದಪ್ಪಕ್ಕೇ ಇದೆ ಎಂಬುದರ ಮೇಲೆ. 60 ಮೈಕ್ರಾನ್ ಎಂದು ತರಿಸಿದ ಪಾಲಿ 63 ಬಂದಿದ್ದರೆ, ತಕ್ಕಡಿಯಲ್ಲಿ 290.9 ಕಿಲೋ ಸರಿಯಾಗಿಯೇ ತೂಗುತ್ತದೆ. ಮೆಷಿನ್ ಮೇಲೆ ಮಾತ್ರ 4,971ರ ಬದಲು 4,735 ಮೀಟರ್‌ಗೆ ಖಾಲಿ. 236 ಮೀಟರ್, ಅಂದರೆ ಸುಮಾರು 4,800 ಪೌಚ್ ಕಡಿಮೆ. ಪ್ರಿಂಟ್ ಆಗಿ ಮೆಟ್ ಪೆಟ್ ಸೇರಿದ ಮಾಲು ಪಾಲಿಗಾಗಿ ಕಾಯುತ್ತಾ ಕೂತಿರುತ್ತದೆ. ದಪ್ಪ ಫಿಲ್ಮ್ ಒಳ್ಳೆಯದೇ ಅಲ್ಲವೇ ಎನ್ನುವವರು ಕಿಲೋಗೆ ದುಡ್ಡು ಕೊಡುತ್ತಿರುವುದು ತಾವೇ ಎಂಬುದನ್ನು ಮರೆತಿರುತ್ತಾರೆ.

12 ಮೈಕ್ರಾನ್ ಫಿಲ್ಮ್ ಒಂದನ್ನೇ ಮೈಕ್ರೋಮೀಟರ್‌ನಲ್ಲಿ ಹಿಡಿದು ಅಳೆಯುವುದರಲ್ಲಿ ಅರ್ಥವಿಲ್ಲ. ಒಂದು ಮೈಕ್ರಾನ್ ತಪ್ಪಾದರೆ ಶೇ. 8 ತಪ್ಪು. ಹತ್ತು ಪದರ ಮಡಚಿ ಅಳೆದು ಭಾಗಿಸಿ, ಇಲ್ಲವೇ ತೂಗಿ. ತೂಗುವುದೇ ಮೇಲು. 10 × 10 ಸೆಂ.ಮೀ. ಉಕ್ಕಿನ ಟೆಂಪ್ಲೇಟ್ ಇಟ್ಟು, ಹೊಸ ಬ್ಲೇಡ್‌ನಿಂದ, ಗಾಜಿನ ಮೇಲೆ ಕತ್ತರಿಸಿ. ಹಳೆಯ ಬ್ಲೇಡ್ ಪಾಲಿಯನ್ನು ಕತ್ತರಿಸುವ ಬದಲು ಎಳೆಯುತ್ತದೆ, ಅಂಚು ಅಲೆಯಲೆಯಾಗುತ್ತದೆ. ತುಂಡನ್ನು ಚಿಮುಟದಲ್ಲಿ ಹಿಡಿದು, ಬಾಗಿಲು ಮುಚ್ಚುವ ತಕ್ಕಡಿಯಲ್ಲಿ ಇಡಿ; ಸ್ಟ್ಯಾಟಿಕ್‌ನಿಂದ ಅದು ಗಾಜಿಗೆ ಅಂಟಿಕೊಂಡರೆ ಅಂಕಿ ನಿಲ್ಲುವುದಿಲ್ಲ, ನಾಲ್ಕಾಗಿ ಮಡಚಿ ಇಟ್ಟರೆ ನಿಲ್ಲುತ್ತದೆ. ಬಂದ ಗ್ರಾಂ × 100 = ಜಿಎಸ್‌ಎಂ. ಪೆಟ್ ತುಂಡು 0.168, ಪಾಲಿ 0.552, ಮುಗಿದ ಲ್ಯಾಮಿನೇಟ್ 0.943 ಗ್ರಾಂ ತೋರಿಸಬೇಕು. ರೋಲ್‌ನ ಎಡ, ನಡು, ಬಲದಿಂದ ಒಂದೊಂದು ತೆಗೆಯಿರಿ. ಸರಾಸರಿ ಸರಿಯಿದ್ದು ಒಂದು ಬದಿ ದಪ್ಪವಿದ್ದರೆ ರೋಲ್ ಮೇಲೆ ಬಳೆಯಂತೆ ಉಬ್ಬು ಏಳುತ್ತದೆ, ಆ ಜಾಗದಲ್ಲಿ ಫಿಲ್ಮ್ ಹಿಗ್ಗಿ, ಬಿಚ್ಚಿದಾಗ ಜೋಲು ಬೀಳುತ್ತದೆ, ಪ್ಯಾಕಿಂಗ್ ಮೆಷಿನ್‌ನಲ್ಲಿ ಒಂದೇ ಕಡೆಗೆ ಎಳೆಯುತ್ತದೆ.

ಅಂಟಿನ ತೂಕಕ್ಕೂ ಇದೇ ಟೆಂಪ್ಲೇಟ್. ಅಂಟು ಹಾಕಿದ, ಇನ್ನೂ ಜೋಡಿಸದ ಜಾಗದ ತುಂಡನ್ನು ತೂಗಿ, ಈಥೈಲ್ ಅಸಿಟೇಟ್‌ನಲ್ಲಿ ಅದ್ದಿದ ಬಟ್ಟೆಯಿಂದ ಅಂಟು ಒರೆಸಿ, ಒಣಗಿಸಿ, ಮತ್ತೆ ತೂಗಿ. 2 ಜಿಎಸ್‌ಎಂ ಅಂದರೆ ತುಂಡಿಗೆ 0.020 ಗ್ರಾಂ ಮಾತ್ರ. ಐದು ತುಂಡು ಒಟ್ಟಿಗೆ ತೂಗಿದರೆ ತಪ್ಪು ಕಡಿಮೆ. ಪ್ರಿಂಟ್ ಆದ ಬದಿಗೆ ಅಂಟು ಹಾಕಿದ ತುಂಡಾದರೆ ಒರೆಸುವಾಗ ಇಂಕ್ ಕೂಡ ಎದ್ದು ಬರುತ್ತದೆ, ಆ ತೂಕ ಅಂಟಿನದಲ್ಲ. ಪ್ರಿಂಟ್ ಇಲ್ಲದ ಅಂಚಿನಿಂದ ಸಣ್ಣ ತುಂಡು ತೆಗೆದು, ಅದರ ವಿಸ್ತೀರ್ಣಕ್ಕೆ ತಕ್ಕಂತೆ ಲೆಕ್ಕ ಹಾಕಿ.

ಜಾಬ್ ಮುಗಿದ ಸಂಜೆ ಪ್ರತಿ ಮೆಷಿನ್‌ನ ಕಸವನ್ನು ಬೇರೆ ಬೇರೆ ಚೀಲದಲ್ಲಿ ತೂಗಿ. ಪ್ರಿಂಟಿಂಗ್‌ನ ಕಸ ಪೆಟ್ ಮತ್ತು ಇಂಕ್ ಮಾತ್ರ, ಮೀಟರ್‌ಗೆ 19 ಗ್ರಾಂ ಆಸುಪಾಸು. ಸ್ಲಿಟಿಂಗ್‌ನದು ಪೂರ್ತಿ ಲ್ಯಾಮಿನೇಟ್, ಮೀಟರ್‌ಗೆ 100 ಗ್ರಾಂ. ಒಂದೇ ಚೀಲಕ್ಕೆ ಸುರಿದು '47 ಕಿಲೋ ವೇಸ್ಟ್' ಎಂದು ಬರೆದರೆ ಯಾವ ಮೆಷಿನ್‌ನಲ್ಲಿ ಎಷ್ಟು ಮೀಟರ್ ಹೋಯಿತು ಎಂದು ಯಾರಿಗೂ ಹೇಳಲಾಗದು. ಬೇರೆ ಬೇರೆ ಬರೆದಿಟ್ಟರೆ ಮುಂದಿನ ಜಾಬ್‌ಗೆ ಬೇಕಾದ ಶೇಕಡಾ ಅದೇ ರಿಜಿಸ್ಟರ್‌ನಲ್ಲಿ ಸಿಗುತ್ತದೆ.